ಉದ್ದ ತೋಡಿದ ಗುಂಡಿ

ನಿಮಗೆ ಯಾವತ್ತಾದರೂ ಹೀಗಾಗಿದೆಯೇ? ಸತ್ತವನು ಕೆಟ್ಟವನು ಅಂತ ಊರಿಗೆಲ್ಲ ಗೊತ್ತು. ನಿಮ್ಮ ಸ್ವಂತದವರ ಮೇಲೇ ಅವನು ಕೈ ಮಾಡಿದ್ದಾನೆ. ಆದರೂ ಅವನ ಮಣ್ಣಿಗೆ ನೀವು ಹೋಗಬೇಕಾಗಿ ಬಂದಿದೆಯೇ? ನನಗೆ ಬಂದಿತ್ತು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದುವೆಯಾಗಿ ಬ್ಯಾಡಗಿಗೆ ಬಂದು ಬಹಳ ದಿನ ಆಗಿರಲಿಲ್ಲ.

ಈಗ ಯಾವನಾದರೂ ದೊಡ್ಡ ಕೇಡಿ ಸತ್ತ ಸುದ್ದಿ ಮೊಬೈಲಿನಲ್ಲಿ ಬಂದರೆ ಸಾಕು, ಕೆಳಗೆ ಜನ ಶುರು ಮಾಡುತ್ತಾರೆ. ನಾಯಿಗೆ ಹಾಕಿ, ಹೊಳೆಗೆ ಎಸೆಯಿರಿ ಅಂತ. ಹಾಗೆ ಬರೆಯುವವರು ಯಾರೂ ಹೆಣ ಎತ್ತುವುದಿಲ್ಲ. ನಮ್ಮ ಮನೆಗೆ ಆ ಕೆಲಸವೇ ಬಾಗಿಲಿಗೆ ಬಂದಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಸ್ವಲ್ಪ ಕೇಳಿ.

ನಮ್ಮ ಮಾವ ಓಣಿಯ ಅಯ್ಯನವರು. ಮದುವೆ, ಹೊಸ ಮನೆ, ಸಾವು, ಎಲ್ಲದಕ್ಕೂ ಅವರು ಬೇಕು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಹೂಳುತ್ತಾರೆ. ಧ್ಯಾನಕ್ಕೆ ಕೂತ ಹಾಗೆ ಕಾಲು ಮಡಚಿ, ಎಡಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರಿ ತುಂಬುತ್ತಾರೆ. ಅಯ್ಯನವರು ಗುಂಡಿಗೆ ಇಳಿದು ಸತ್ತವರ ತಲೆಯ ಮೇಲೆ ತಮ್ಮ ಪಾದ ಇಡುತ್ತಾರೆ. ಪಾದ ಇಟ್ಟರೆ ಇವನು ನಮ್ಮವನು, ಶಿವನ ಕಡೆ ಹೊರಟ ಅಂತ. ಇಡದಿದ್ದರೆ ಬರೀ ಗುಂಡಿ ಮುಚ್ಚಿದ ಹಾಗೆ. ದವಾಖಾನೆಯಲ್ಲಿ ಕೊಯ್ದ ಹೆಣ ಸೆಟೆದು ಕೂಡದೇ ಹೋದರೆ ಮಾತ್ರ ಪಾದ ಇಡದೆ ಮಲಗಿಸುವುದುಂಟು. ಅದನ್ನು ಜನ ಒಪ್ಪುತ್ತಾರೆ, ಆದರೆ ಮನೆಯವರಿಗೆ ಅದು ಕಡೆಯವರೆಗೆ ಕೊರಗು.

ಸತ್ತವನು ನಮ್ಮ ಓಣಿಯವನೇ. ಹೆಸರು ಬೇಡ. ದಾರಿಗಳ್ಳ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಕಡೆ ತಾಯಂದಿರು ಮಕ್ಕಳನ್ನು ಹೆದರಿಸಿ ಉಣ್ಣಿಸಲು ಅವನ ಹೆಸರು ಹೇಳುತ್ತಿದ್ದರು. ಸಂತೆಯಿಂದ ಬರುತ್ತಿದ್ದ ಒಬ್ಬ ಗಾಡಿಯವನನ್ನು ಹೊಡೆದ, ಆತ ಮನೆ ಮುಟ್ಟಲಿಲ್ಲ.

ಇನ್ನು ನನ್ನ ಅಕ್ಕ. ಅವಳು ಕುಪ್ಪೇಲೂರಿನ ಸೊಸೆ. ನನ್ನ ಮದುವೆಯಾದ ಹೊಸತರಲ್ಲಿ ಒಂದು ಶನಿವಾರ ಭಾವನ ಜೊತೆ ಕದರಮಂಡಲಗಿ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು, ಬಸ್ಸು ತಪ್ಪಿ ನಡೆದು ಬರುವಾಗ ಇವನು ಅಡ್ಡ ಬಂದ. ಬೆಂಡೋಲೆ ಬಿಚ್ಚಿ ಕೊಡುತ್ತೇನೆ ಅಂದರೂ ಕೇಳಲಿಲ್ಲ, ಎಳೆದ. ಕಿವಿ ಹರಿದು ಎರಡಾಯಿತು. ಯಾರದೋ ಟ್ರ್ಯಾಕ್ಟರ್ ಹತ್ತಿ ರಾಣೆಬೆನ್ನೂರು ದವಾಖಾನೆ ಸೇರುವಷ್ಟರಲ್ಲಿ ಕುಪ್ಪಸ ಪೂರ್ತಿ ತೊಯ್ದಿತ್ತಂತೆ. ಆಮೇಲೆ ಅವಳು ತಲೆ ಮೇಲಿನ ಸೆರಗನ್ನು ಕಿವಿ ಮುಚ್ಚುವ ಹಾಗೆಯೇ ಹೊದೆಯುತ್ತಿದ್ದಳು, ಒಲೆ ಮುಂದೆ ಕೂತಾಗಲೂ.

ಇಂಥವನು ಪೊಲೀಸರಿಗೆ ಸಿಗಲಿಲ್ಲ, ಹಾವಿಗೆ ಸಿಕ್ಕ. ದೇವರಗುಡ್ಡದ ಕಡೆ ಹತ್ತಿ ಹೊಲದಲ್ಲಿ ಅಡಗಿದ್ದನಂತೆ. ಹತ್ತಿ ಬಿಡಿಸಲು ಹೋದ ಹೆಂಗಸರು ನೋಡಿದರು. ಹೆಣ ಹಾವೇರಿಗೆ ಹೋಯಿತು. ಬ್ಯಾಡಗಿ ಪೇಟೆಯಲ್ಲಿ ಚಹಾ ಅಂಗಡಿಯವರು ಅವತ್ತು ಸಕ್ಕರೆ ಹಂಚಿದರು ಅಂತ ನನ್ನ ಗಂಡ ಬಂದು ಹೇಳಿದರು. ನನಗೂ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಸಮಾಧಾನ ಒಂದೇ ದಿನ. ಮರುದಿನ ಅಕ್ಕ ವರ್ಷದ ಖಾರಕ್ಕೆ ಮೆಣಸಿನಕಾಯಿ ಕೊಳ್ಳಲು ಬಂದು ನಮ್ಮ ಮನೆಯಲ್ಲಿ ಇಳಿದಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಮಾತಾಡುತ್ತಿದ್ದೆವು. ಬಾಗಿಲಲ್ಲಿ ಯಾರೋ ಕೆಮ್ಮಿದರು. ಅವನ ತಾಯಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಾಕೆ, ಬೆರಳು ಯಾವಾಗಲೂ ಕೆಂಪು.

"ಅಯ್ಯಾರ ಅದಾರೇನ್ರಿ?"

"ಬಾ ಯವ್ವಾ, ಕುಂದ್ರ ಬಾ," ಅಂದರು ನಮ್ಮ ಅತ್ತೆ.

"ಕುಂದ್ರಾಕ ಬಂದಿಲ್ರಿ. ಹಾವೇರಿಂದ ಹೊಂಟಾನಂತ. ಮಧ್ಯಾಹ್ನಕ್ಕ ಬರ್ತಾನ." ಊಟಕ್ಕೆ ಬರುವ ಮಗನ ಬಗ್ಗೆ ಹೇಳಿದ ಹಾಗೆ ಹೇಳಿದಳು. ಮಾವ ಹೊರಗೆ ಬಂದರು. ಅವರ ಮುಖ ನೋಡದೆ ಹೇಳಿದಳು: "ಅವ ಮಾಡಿದ್ದೆಲ್ಲಾ ನನಗ ಗೊತ್ತೈತ್ರಿ ಅಯ್ಯಾರ. ಚಲೋ ಮಗಾ ಅನ್ನಾಕ ಬಂದಿಲ್ಲ. ಅವನ್ನ ಕುಂದ್ರಿಸಿ ಮಣ್ಣ ಮಾಡ್ರಿ. ಇನ್ನೇನೂ ಬೇಡೂದಿಲ್ಲ."

ಅಷ್ಟರಲ್ಲಿ ಅಕ್ಕ ಎದ್ದಿದ್ದಳು. ಹಿಟ್ಟಿನ ಕೈಯಲ್ಲೇ ಹೊರಗೆ ಹೋಗಿ ಸೆರಗು ಸರಿಸಿದಳು.

"ನನ್ನ ಕಿವಿ ನೋಡಬೇ. ನೋಡಿ ಆಮ್ಯಾಲೆ ಕೇಳು."

ಆ ಮುದುಕಿ ಕಣ್ಣು ತಪ್ಪಿಸುತ್ತಾಳೆ ಅಂದುಕೊಂಡೆ. ತಪ್ಪಿಸಲಿಲ್ಲ. "ನೋಡೇನಿ ತಂಗಿ. ನಿನ್ನ ಮುಂದ ಮಾತಾಡಾಕ ನನಗ ಬಾಯಿಲ್ಲ. ಆದ್ರ ನಾ ಹಡದೇನಿ, ಏನ್ ಮಾಡ್ಲಿ?" ಅಂದು ಹೋದಳು.

ಅವಳು ಓಣಿ ದಾಟಿದಳೋ ಇಲ್ಲವೋ, ಪಂಚರ ಪೈಕಿ ಹಿರಿಯರು ಬಂದರು. ನನ್ನ ಗಂಡ ತೂಕದ ಕೆಲಸ ಮಾಡುತ್ತಿದ್ದ ಮೆಣಸಿನಕಾಯಿ ದಲಾಲಿ ಅಂಗಡಿಯ ಸಾಹುಕಾರರು ಅವರೇ. ಕೆಟ್ಟ ಮನುಷ್ಯರಲ್ಲ. ಆ ಗಾಡಿಯವನ ಹೆಂಡತಿ ಮಕ್ಕಳಿಗೆ ಜೋಳ ಕಳಿಸಿದವರೂ ಅವರೇ. ಕಟ್ಟೆಯ ಮೇಲೆ ಕೂತು ಮೆತ್ತಗೆ ಮಾತಾಡಿದರು.

"ಅಯ್ಯಾರ, ಊರಾನ ಹೆಣ, ಬ್ಯಾಡ ಅನ್ನಾಕಾಗೂದಿಲ್ಲ. ರುದ್ರಭೂಮ್ಯಾಗ ಒಂದು ಮೂಲಿ ಕೊಡ್ತೀವಿ. ಗುಂಡಿನೂ ನಾವ ತೋಡಸ್ತೀವಿ. ನೀವು ಮಾತ್ರ ಬರಬ್ಯಾಡ್ರಿ."

"ಅಯ್ಯ ಇಲ್ದ ಹೆಂಗ ಮಾಡ್ತೀರಿ?"

"ಹೆಂಗರ ಮಾಡ್ತೀವಿ. ಆದ್ರ ಒಂದ್ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇವತ್ತ ಅವನ ತಲಿ ಮ್ಯಾಲೆ ಇಟ್ಟ ಪಾದ ನಾಳೆ ನಮ್ಮ ಮನಿ ಹೊಸ್ತಿಲಾ ದಾಟೂದು ಬ್ಯಾಡ. ನಿಮ್ಮ ಮಗಾನೂ ನಮ್ಮ ಅಂಗಡ್ಯಾಗ ಅದಾನ. ವಿಚಾರ ಮಾಡ್ರಿ."

"ಮಾಡ್ತೇನಿ," ಅಂದರು ಮಾವ. ನಾನು ಚಹಾ ಹಿಡಿದು ನಿಂತಿದ್ದೆ. ಕಟ್ಟೆಯ ಮೇಲೆ ಇಟ್ಟು ಒಳಗೆ ಬಂದೆ.

ಸಾಹುಕಾರರು ಹೋದರು. ಮಾವ ಸ್ನಾನಕ್ಕೆ ಎದ್ದರು. ಬಚ್ಚಲಿಂದ ತಂಬಿಗೆಯ ಸದ್ದು ಕೇಳುತ್ತಾ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಬೆಳಗ್ಗೆಯೇ ಅವರ ಸ್ನಾನ ಆಗಿತ್ತು. ಮತ್ತೊಮ್ಮೆ ಮಾಡುತ್ತಿದ್ದಾರೆ ಅಂದರೆ ಕೆಲಸಕ್ಕೆ ಹೊರಟಿದ್ದಾರೆ. ಅಕ್ಕನಿಗೂ ಗೊತ್ತಾಯಿತು. ನಮ್ಮ ತವರೂ ಅಯ್ಯನವರ ಮನೆಯೇ.

ಮಾವ ಜೋಳಿಗೆ ಹೆಗಲಿಗೆ ಹಾಕುವಾಗ ಅಕ್ಕ ಬಾಗಿಲಲ್ಲಿ ನಿಂತಳು. "ಮಾವಾರ, ನೀವು ಹೋದ್ರ ನಾ ಈ ಮನ್ಯಾಗ ನೀರು ಕುಡ್ಯಾಂಗಿಲ್ಲ."

"ನಿನ್ನ ಸಿಟ್ಟು ಖರೇ ಐತಿ ತಂಗಿ. ಅದಕ್ಕ ನಾ ಅಡ್ಡ ಬರೂದಿಲ್ಲ. ನೀನೂ ನನ್ನ ಕೆಲಸಕ್ಕ ಅಡ್ಡ ಬರಬ್ಯಾಡ."

ಅಕ್ಕ ಸರಿದಳು. ಅತ್ತೆ ಸೆರಗು ಬಿಗಿದು ನನ್ನ ಕಡೆ ನೋಡಿದರು. "ನಡಿಯವ್ವಾ. ಆ ಮುದುಕಿ ಜೋಡಿ ಒಂದು ಹೆಣ್ಣ ಜೀವ ಇಲ್ಲ. ಒಬ್ಬಾಕೀನ ಹೆಂಗ ಕಳಸೂದು?" ಒಂದು ಕಡೆ ಅಕ್ಕ, ಒಂದು ಕಡೆ ಅತ್ತೆ. ಹೊಸ ಸೊಸೆ ಏನು ಹೇಳುತ್ತಾಳೆ? ಚಪ್ಪಲಿ ಮೆಟ್ಟಿದೆ. ಬೆನ್ನಿಗೆ ಅಕ್ಕನ ಕಣ್ಣು ಚುಚ್ಚುತ್ತಿತ್ತು.

ಹೆಣ ಕೈಗಾಡಿಯ ಮೇಲಿತ್ತು. ನಮ್ಮಲ್ಲಿ ಹೆಣ ಹೋಗುವಾಗ ಪೇಟೆಯ ಅಂಗಡಿಯವರು ಅರ್ಧ ಬಾಗಿಲು ಎಳೆಯುತ್ತಾರೆ, ಯಾರೇ ಸತ್ತಿರಲಿ. ಅವತ್ತು ಒಬ್ಬರೂ ಎಳೆಯಲಿಲ್ಲ. ತಕ್ಕಡಿ ತೂಗುತ್ತಲೇ ಇದ್ದರು. ಸುಗ್ಗಿಯ ದಿನ, ಗಾಳಿಯಲ್ಲಿ ಖಾರದ ಘಾಟು. ನಾವು ನಾಲ್ಕೈದು ಮಂದಿ ಕೆಮ್ಮುತ್ತಾ ನಡೆದೆವು. ನನ್ನ ಗಂಡ ಅಂಗಡಿಯಲ್ಲಿ ನಿಂತು ನಮ್ಮನ್ನು ನೋಡಿದರು. ಅವರ ಕೈಯಲ್ಲಿ ಚೀಲದ ಬಾಯಿ. ಬಿಡುವ ಹಾಗಿಲ್ಲ, ಬರುವ ಹಾಗೂ ಇಲ್ಲ.

ರುದ್ರಭೂಮಿಯ ಮೂಲೆಯಲ್ಲಿ ಗುಂಡಿ ಸಿದ್ಧವಾಗಿತ್ತು. ತೋಡಿದ ಇಬ್ಬರು ಸಲಿಕೆ ಊರಿಕೊಂಡು ನಿಂತಿದ್ದರು. ಸಾಹುಕಾರರೂ ಬಂದಿದ್ದರು. ಆ ತಾಯಿ ಗುಂಡಿ ನೋಡಿ ಅಲ್ಲೇ ಕುಸಿದು ಕೂತಳು. ಗುಂಡಿಯನ್ನು ಉದ್ದಕ್ಕೆ ತೋಡಿದ್ದರು. ಆಳ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಮಲಗಿಸುವ ಗುಂಡಿ.

"ಕೊಯ್ದ ಹೆಣ ಐತ್ರಿ. ಸೆಟದಿರ್ತೈತಿ, ಕುಂದ್ರೂದಿಲ್ಲ," ಅಂದರು ಸಾಹುಕಾರರು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಅದನ್ನು ಮುಂದಿಟ್ಟುಕೊಂಡರೆ ಯಾರೂ ಯಾರಿಗೂ ಇಲ್ಲ ಅನ್ನುವ ಪ್ರಸಂಗವೇ ಬರುತ್ತಿರಲಿಲ್ಲ. ಮಾವ ಮನೆಗೆ ವಾಪಸಾಗಬಹುದಿತ್ತು, ಗಂಡನ ಕೆಲಸ ಉಳಿಯುತ್ತಿತ್ತು, ಅಕ್ಕ ನೀರು ಕುಡಿಯುತ್ತಿದ್ದಳು. ಹೌದು ಅನ್ನಿ ಮಾವ, ಹೌದು ಅಂದುಬಿಡಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಆ ತಾಯಿ ಕೈಗಾಡಿಯ ಹತ್ತಿರ ತೆವಳಿ ಹೋಗಿ ಮಗನ ಕೈ ಎತ್ತಿದಳು. ಬಿಟ್ಟಳು. ಅದು ಮೆತ್ತಗೆ ಜೋತು ಬಿತ್ತು. ಸತ್ತು ಆಗಲೇ ಎರಡು ದಿನ ಆಗುತ್ತಾ ಬಂದಿತ್ತು, ಸೆಟೆದದ್ದು ಸಡಿಲಾಗಿತ್ತು. ಗುಂಡಿ ತೋಡಿಸಿದವರು ಸೆಟೆದಿರುತ್ತದೆ ಅಂತ ಲೆಕ್ಕ ಹಾಕಿದ್ದರೇ ಹೊರತು ಹೆಣವನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಯಾಕೆ ಮುಟ್ಟುತ್ತಾರೆ?

ಮಾವ ಬಗ್ಗಿ ಮೊಣಕಾಲು ಮಡಚಿ ನೋಡಿದರು. ಮಡಚಿತು. "ಕುಂದ್ರತಾನ," ಅಂದರು. "ಆ ತುದಿಗೆ ಇನ್ನೊಂದಿಷ್ಟು ಆಳ ತಗೀರಪ್ಪಾ."

ತೋಡುವವರು ಸಾಹುಕಾರರ ಮುಖ ನೋಡಿದರು. ಸಾಹುಕಾರರು ಆಕಾಶ ನೋಡಿದರು. "ತೋಡಿದ್ದು ಆತು ಬಿಡ್ರಿ."

ಮಾವ ಜೋಳಿಗೆ ಅತ್ತೆಯ ಕೈಗೆ ಕೊಟ್ಟು, ಧೋತರ ಮೇಲೆ ಕಟ್ಟಿ, ಗುಂಡಿಗೆ ಇಳಿದು ಸಲಿಕೆಗೆ ಕೈ ಚಾಚಿದರು. ಒಬ್ಬನಿಂದ ಇಸಿದುಕೊಂಡು ತಾವೇ ಅಗೆಯತೊಡಗಿದರು. ಅರವತ್ತು ದಾಟಿದ ಜೀವ, ದಮ್ಮು ಬೇರೆ. ಮಣ್ಣು ಹೊರಗೆ ಬೀಳುವುದಕ್ಕಿಂತ ಅವರ ಮೈಮೇಲೆ ಬೀಳುವುದೇ ಹೆಚ್ಚು. ಅಯ್ಯನವರು ಗುಂಡಿ ತೋಡುವುದನ್ನು ನಮ್ಮ ಕಡೆ ಯಾರೂ ನೋಡಿಕೊಂಡು ನಿಲ್ಲಲಾರರು. ನಾಳೆ ತಮ್ಮ ಮನೆಯ ಸಾವಿಗೂ ಪಾದ ಇಡಲು ಇವರೇ ಗುಂಡಿಗೆ ಇಳಿಯಬೇಕಲ್ಲ. ಸ್ವಲ್ಪ ಹೊತ್ತಿಗೆ ತೋಡುವವರಲ್ಲಿ ಹಿರಿಯ ಕೆಳಗಿಳಿದ.

"ಕೊಡ್ರಿ ಇಲ್ಲಿ. ನಮ್ಮ ಮಾನ ತಗೀಬ್ಯಾಡ್ರಿ," ಅಂತ ಬೈದ ಹಾಗೇ ಹೇಳಿ ಸಲಿಕೆ ಕಸಿದ.

ಸಾಹುಕಾರರು ಹೊರಟುಹೋದರು. ಇನ್ನು ಗಂಡನ ಕೆಲಸ ಹೋಯಿತು ಅಂದುಕೊಂಡೆ.

ಅವನನ್ನು ಕೂಡಿಸಿದರು. ಕೊರಳಲ್ಲಿ ಲಿಂಗ ಇರಲಿಲ್ಲ, ಯಾವಾಗಲೋ ಎಸೆದಿದ್ದನೋ ಏನೋ. ಮಾವ ಜೋಳಿಗೆಯಿಂದ ಒಂದು ತೆಗೆದು ಅವನ ಎಡಗೈಯಲ್ಲಿ ಇಟ್ಟರು. ವಿಭೂತಿ ಹಚ್ಚಿದರು. ಆಮೇಲೆ ನಿಂತುಬಿಟ್ಟರು. ಪಾದ ಇಡಬೇಕು. ಇಡುತ್ತಿಲ್ಲ. ಆ ತಾಯಿ ಗುಂಡಿಯ ಅಂಚಿಗೆ ಸರಿದಳು.

"ಯವ್ವಾ," ಅಂದರು ಮಾವ, ತಲೆ ಎತ್ತದೆ, "ಪಾದ ಇಡ್ತೇನಿ. ಆದ್ರ ಅವನ ಪಾಪ ನಾ ತೊಳ್ಯಾಕತ್ತೇನಿ ಅಂತ ತಿಳೀಬ್ಯಾಡ. ಅದು ಅವಂದು, ಅವನ ಜೋಡಿ ಹೋಗ್ತೈತಿ."

"ಹೋಗ್ಲಿರಿ," ಅಂದಳು.

ಇಟ್ಟರು. ಮಣ್ಣು ಕೊಡುವಾಗ ತಾಯಿ ಕೊಟ್ಟಳು, ಅತ್ತೆ ಕೊಟ್ಟರು, ನಾನೂ ಒಂದು ಹಿಡಿ ಹಾಕಿದೆ. ಮನಸ್ಸಿನಿಂದ ಹಾಕಿದೆ ಅಂತ ಹೇಳಲಾರೆ. ಎಲ್ಲರೂ ನೋಡುತ್ತಿದ್ದರು, ಹಾಕಿದೆ.

ಮನೆಗೆ ಬಂದಾಗ ಅಕ್ಕ ಇರಲಿಲ್ಲ. ಮೆಣಸಿನಕಾಯಿ ಚೀಲ ಹೊತ್ತು ರಾಣೆಬೆನ್ನೂರು ಬಸ್ಸಿಗೆ ಹೋಗಿದ್ದಳು. ತಟ್ಟಿದ ರೊಟ್ಟಿ ಹಾಗೇ ಇತ್ತು.

ಆ ಸುಗ್ಗಿ ಮುಗಿಯುವವರೆಗೂ ನಾನು ದಿನಾ ಸಂಜೆ ಗಂಡನ ಮುಖ ನೋಡಿ ಕೆಲಸ ಇದೆಯೋ ಹೋಯಿತೋ ಅಂತ ಊಹಿಸುತ್ತಿದ್ದೆ. ಸಾಹುಕಾರರು ಬಿಡಿಸಲಿಲ್ಲ, ಮಾತು ಮಾತ್ರ ನಿಲ್ಲಿಸಿದರು. ಅವರ ಮನೆಗೆ ಬೇರೆ ಓಣಿಯ ಅಯ್ಯನವರು ಹೋಗತೊಡಗಿದರು. ಉಳಿದವರು ಒಬ್ಬೊಬ್ಬರಾಗಿ ಮತ್ತೆ ಕರೆದರು.

ಅಕ್ಕ ಬರಲಿಲ್ಲ. ಕೊನೆಗೆ ನಾನೇ ಕುಪ್ಪೇಲೂರಿಗೆ ಹೋದೆ. ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಾನು ಮಾವನ ಪರವಾಗಿ ದೊಡ್ಡ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ. ಸತ್ತ ಮೇಲೆ ದ್ವೇಷ ಯಾಕೆ, ತಾಯಿಯ ಮುಖ ನೋಡಬೇಕು, ಇತ್ಯಾದಿ. ಅರ್ಧಕ್ಕೇ ತಡೆದಳು.

"ಅವನ್ನ ಕುಂದ್ರಿಸಿದ್ದಕ್ಕ ನನಗೇನೂ ಇಲ್ಲ. ಹೆಣ ಅದು, ಕುಂತ್ರೇನು ಮಲಗಿದ್ರೇನು. ನನ್ನ ಕಿವಿ ಹರದಾಗ ನಿಮ್ಮ ಮಾವ ಬಂದಿದ್ರೇನು? ರಾಣೆಬೆನ್ನೂರು ದವಾಖಾನ್ಯಾಗ ಅಷ್ಟ ದಿನಾ ಬಿದ್ದಿದ್ದೆ. ಹೆಣದ ಸಲುವಾಗಿ ಸಲಿಕಿ ಹಿಡದ್ರು. ಬದುಕಿದಾಕಿನ್ನ ನೋಡಾಕ ಒಂದು ಬಸ್ಸು ಹತ್ತಲಿಲ್ಲ."

ಬ್ಯಾಡಗಿಗೆ ಬಂದು ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಸ ಸೊಸೆ ಹಾಗೆ ಹೇಳಬಾರದು ಅಂತ ಅತ್ತೆ ಕಣ್ಣು ಬಿಟ್ಟರು. ಮಾವ ಮಾತ್ರ, "ಆಕಿ ಹೇಳೂದು ಬರೋಬರಿ ಐತಿ" ಅಂದರು. ಮುಂದಿನ ಸೋಮವಾರ ಪೂಜೆ ಮುಗಿಸಿ ಕುಪ್ಪೇಲೂರಿಗೆ ಹೋದರು. ಅಕ್ಕ ಹೊಲಕ್ಕೆ ಹೋಗಿದ್ದಳಂತೆ, ಅವಳು ಬರುವವರೆಗೆ ಕಟ್ಟೆಯ ಮೇಲೆ ಕಾದರಂತೆ. ಏನು ಮಾತಾಡಿದರೋ ಇಬ್ಬರೂ ನನಗೆ ಹೇಳಲಿಲ್ಲ. ಅಕ್ಕ ಆಮೇಲೆ ನಮ್ಮ ಮನೆಗೆ ಬಂದಳು, ಆದರೆ ಮಾವನ ಎದುರು ಕೂತು ಮಾತಾಡಿದ್ದನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ನೇರ ಹೇಳುತ್ತೇನೆ. ಎಂಥ ಕೇಡಿಯೇ ಇರಲಿ, ಅವರವರ ಪದ್ಧತಿ ಪ್ರಕಾರ ಮಣ್ಣು ಮಾಡಬೇಕು. ಹೆಣಕ್ಕೆ ಶಿಕ್ಷೆ ಕೊಟ್ಟರೆ ಅದು ತಾಗುವುದು ಹಡೆದವಳಿಗೆ. ಆದರೆ ಅದಕ್ಕೆ ಮೊದಲು ಅವನ ಕೈಯಲ್ಲಿ ಪೆಟ್ಟು ತಿಂದವರ ಮನೆಗೆ ಹೋಗಿ ಬಂದಿರಬೇಕು. ನಾವು ಕ್ರಮ ತಪ್ಪಿದೆವು.

ನಿಮ್ಮ ಊರಲ್ಲಿ ಇಂಥವನೊಬ್ಬ ಸತ್ತಾಗ ಏನು ಮಾಡಿದರು? ಯಾರು ಎತ್ತಿದರು, ಯಾರು ಬಾಗಿಲು ಹಾಕಿಕೊಂಡರು? ಹೆಸರು ಬೇಡ, ನಡೆದದ್ದನ್ನಷ್ಟೇ ಕೆಳಗೆ ಬರೆಯಿರಿ. ಪೆಟ್ಟು ತಿಂದ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮದನ್ನು ಮೊದಲು ಓದುತ್ತೇನೆ.