ನರ ತೋರಿಸುವ ದೀಪ

ಸುಮನಾ ಆ ದೀಪವನ್ನು ಮನೆಯಲ್ಲಿ ಮೊದಲು ಹಿಡಿದದ್ದು ಅತ್ತೆಯ ಕೈಮೇಲೆ. ತೀರ್ಥಮ್ಮ ಒಲ್ಲದ ಮನಸ್ಸಿನಿಂದಲೇ ಕೈ ಚಾಚಿದ್ದರು. ಹಸಿರು ಬೆಳಕು ಬಿದ್ದಲ್ಲಿ ಚರ್ಮದ ಮೇಲೆ ಕಪ್ಪು ಗೆರೆಗಳು ಕವಲೊಡೆದು ಮೂಡಿದವು.

"ಇದೇನೇ ಇದು, ಒಳಗಿನ್ ನರ ಎಲ್ಲಾ ಹೊರಗ್ ಬಂದ್ಬಿಟ್ಟವಲ್ಲ!"

"ಅವು ಇರೋ ಜಾಗದಲ್ಲೇ ಅವೆ ಅತ್ತೆ. ಬೆಳಕಿಗೆ ಕಾಣ್ತವೆ, ಅಷ್ಟೆ."

"ಕಾಣ್ಲಿ ಬಿಡು. ಸಿಸ್ಟರಮ್ಮ ಅಂತ ಊರೆಲ್ಲ ಕೈ ಮುಗೀತಿತ್ತು. ಈಗ ಬ್ಯಾಗ್ ನೇತಾಕ್ಕೊಂಡು ಬಳೆ ಮಾರೋಳ ಹಂಗೆ ಬಾಗಿಲ್ ಬಾಗಿಲು ತಿರುಗ್ತೀಯಲ್ಲೇ!" ಎಂದರು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. ಮೆಲ್ಲಗೆ ತಿರುಗಿಸಿ ಇನ್ನೊಂದು ಮಗ್ಗುಲನ್ನೂ ನೋಡಿಕೊಂಡರು.

ನಲವತ್ತು ದಾಟಿದ ಮೇಲೆ ಸುಮನಾ ನರ್ಸ್ ಕೆಲಸ ಬಿಟ್ಟದ್ದೇಕೆ ಎಂದು ಅಜ್ಜಂಪುರದವರು ತೋಚಿದ್ದನ್ನೆಲ್ಲ ಆಡಿಕೊಂಡರು. ಡಾಕ್ಟರ ಜೊತೆ ಮನಸ್ತಾಪ ಎಂದರು ಕೆಲವರು, ಬೆನ್ನುನೋವು ಎಂದರು ಇನ್ನು ಕೆಲವರು. ನಡೆದದ್ದೇ ಬೇರೆ. ಶಿವಮೊಗ್ಗದ ಒಂದು ತರಬೇತಿಯಲ್ಲಿ ಕಂಪನಿಯವನೊಬ್ಬ ಈ ದೀಪವನ್ನು ಅವಳ ಮುಂಗೈ ಮೇಲೆ ಹಿಡಿದ. ಇಷ್ಟು ವರ್ಷ ಬೆರಳ ತುದಿಯಿಂದ ತಡಕಿ ತಡಕಿ ಹುಡುಕುತ್ತಿದ್ದುದು ಕಣ್ಣೆದುರೇ ಹರಡಿಕೊಂಡಿತ್ತು. ದಪ್ಪ ಇರುವವರಲ್ಲೂ ಕಾಣುತ್ತದೆಯೇ? ಹಸುಗೂಸಿನಲ್ಲಿ? ಎಷ್ಟು ಆಳದವರೆಗೆ? ಅವಳ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಅವನ ಟೀ ಆರಿಹೋಗಿತ್ತು. "ಮೇಡಂ, ನಮ್ ಕಂಪನಿಗೇ ಬಂದ್ಬಿಡಿ," ಎಂದು ಅವನು ನಗೆಯಾಡಿದ. ಅವಳು ನಗಲಿಲ್ಲ, ನಂಬರ್ ತೆಗೆದುಕೊಂಡಳು.

ಮೂರು ತಿಂಗಳೊಳಗೆ ಒಂದಾದರೂ ದೀಪ ಮಾರಿದರೆ ಕೆಲಸ ಖಾಯಂ ಎಂದಿತು ಕಂಪನಿ. ಕಡೂರಿನಲ್ಲಿ, ತರೀಕೆರೆಯಲ್ಲಿ ಡಾಕ್ಟರುಗಳು ತಮ್ಮ ಕೈಗಳನ್ನೇ ಬೆಳಕಿಗೊಡ್ಡಿ ಖುಷಿಪಟ್ಟು, "ನೋಡೋಣ" ಎಂದು ಕಳಿಸಿದರು. ಕೊನೆಯ ವಾರ ಉಳಿದಿದ್ದು ಅವಳು ಹಿಂದೆ ದುಡಿದಿದ್ದ ಅಜ್ಜಂಪುರದ ನರ್ಸಿಂಗ್ ಹೋಮ್ ಒಂದೇ. ಅಲ್ಲಿಗೆ ಹೋಗಲು ಅವಳು ಇಷ್ಟು ದಿನ ಹಿಂಜರಿದಿದ್ದಳು. ದೀಪ ನೋಡುವ ಮೊದಲು ಅಲ್ಲಿನವರು ಕೇಳುವುದು ಸೂಜಿ ಚುಚ್ಚಿ ಪಳಗಿದ ತನ್ನ ಕೈಯನ್ನೇ ಎಂದು ಅವಳಿಗೆ ಗೊತ್ತಿತ್ತು.

ಹಾಗೆಯೇ ಆಯಿತು. ವಾಂತಿಭೇದಿಯಿಂದ ಬತ್ತಿಹೋಗಿದ್ದ ಚಿಕ್ಕಬೀರಪ್ಪಜ್ಜ ಮಂಚದ ಮೇಲಿದ್ದರು. ಡ್ರಿಪ್ ಹಾಕಲು ನರ ಸಿಗದೆ ಹೊಸ ನರ್ಸ್ ಭವ್ಯ ಬೆವರುತ್ತಿದ್ದಳು.

"ಬಂದ್ಯಾ ತಾಯಿ! ಈ ಹುಡುಗಿ ನನ್ ಕೈನ ಜರಡಿ ಮಾಡಾಕ್ಬಿಟ್ಲು. ನೀನೇ ಚುಚ್ಚವ್ವ."

"ಹೌದು ಸಿಸ್ಟರ್, ನೀವೇ ಹಾಕ್ಬಿಡಿ. ದೀಪ ಆಮೇಲ್ ನೋಡೋಣ," ಎಂದರು ಡಾಕ್ಟರ್ ಪ್ರಸನ್ನಕುಮಾರ್.

ಸುಮನಾಳ ಬೆರಳು ಆಗಲೇ ಅಜ್ಜನ ಮಣಿಕಟ್ಟಿನ ಮೇಲಿತ್ತು. ಹೆಬ್ಬೆರಳಿನ ಮಗ್ಗುಲಲ್ಲಿ ಒಂದು ನರ ಸಿಕ್ಕಿಯೂ ಬಿಟ್ಟಿತು. ಚುಚ್ಚಿದರೆ ಅಜ್ಜನಿಗೆ ಸುಖ, ದೀಪ ಮರಳಿ ಬ್ಯಾಗಿಗೆ. ನಾಳೆ ಇನ್ನೊಬ್ಬರು ಹೀಗೇ ಮಲಗಿದಾಗ ಇಲ್ಲಿರುವುದು ಭವ್ಯ. ಸುಮನಾ ಬೆರಳು ತೆಗೆದಳು.

"ಇನ್ನೊಂದೇ ಒಂದು ಸಲ, ತಾತ. ಆಗ್ಲಿಲ್ಲ ಅಂದ್ರೆ ನಾನೇ ಹಾಕಿ, ದೀಪ ಎತ್ಕೊಂಡು ಹೋಗ್ತೀನಿ. ಭವ್ಯ, ಬಾರೇ."

ಸುಮನಾ ಹಿಡಿದ ಬೆಳಕಿನಲ್ಲಿ ಭವ್ಯಳ ಸೂಜಿ ನೇರ ದಪ್ಪ ಗೆರೆಯತ್ತ ಹೊರಟಿತು.

"ತಡಿ. ದಪ್ಪಗೆ ಕಂಡಿದ್ದೆಲ್ಲ ಒಳ್ಳೇದಲ್ಲ ಕಣೇ. ಬೆರಳಿಟ್ಟು ಒತ್ತಿ ನೋಡು. ಒತ್ತಿದ್ ಮೇಲೆ ಪುಟಿಬೇಕು."

ಭವ್ಯ ಒಂದೊಂದನ್ನೇ ಒತ್ತುತ್ತ ಮೊಣಕೈ ಕಡೆಗೆ ಸರಿದು, ಒಂದು ಸಣ್ಣ ಗೆರೆಯ ಮೇಲೆ ನಿಂತಳು. ಸುಮನಾ ಕಂಡುಕೊಂಡದ್ದು ಅದಲ್ಲ. ತಾನಾಗಿದ್ದರೆ ಅವಳು ಅಲ್ಲಿ ಹುಡುಕುತ್ತಲೂ ಇರಲಿಲ್ಲ.

"ಪುಟೀತಾ?"

"ಪುಟೀತು ಅಕ್ಕ."

ದೀಪ ಹಿಡಿದ ಕೈ ಅಲುಗಿಸದೆ ಸುಮನಾ ಮನಸ್ಸಿನಲ್ಲೇ ಶಿವನನ್ನು ನೆನೆದಳು. ಸೂಜಿ ಒಳಹೋಯಿತು. ಕೊಳವೆಯಲ್ಲಿ ಕೆಂಪು ಇಣುಕಿತು. ಭವ್ಯ ಉಸಿರು ಬಿಟ್ಟಳು.

"ಇದೊಂದು ಇಲ್ಲೇ ಇರ್ಲಿ ಸಿಸ್ಟರ್. ಬಿಲ್ ಕಳಿಸಿ," ಎಂದರು ಡಾಕ್ಟರ್.

ಸುಮನಾಳಿಗೆ ಅದು ತಟ್ಟನೆ ಕೇಳಿಸಲಿಲ್ಲ. ಡ್ರಿಪ್ ತೊಟ್ಟಿಕ್ಕತೊಡಗಿದ್ದರೂ ಅವಳಿನ್ನೂ ಅಜ್ಜನ ತೋಳಿನ ಮೇಲೆ ಬೆಳಕು ಹಿಡಿದು ಬಾಗಿದ್ದಳು.

"ಇನ್ನೂ ಏನ್ ಹುಡುಕ್ತೀಯವ್ವ? ಸಿಕ್ತಲ್ಲ!"

"ಸಿಕ್ತು ತಾತ. ಈ ನರ ಎಲ್ಲಿಂದ ಬಂತು ಅಂತ ನೋಡ್ತಿದ್ದೀನಿ."