ಲ್ಯಾಡಿಯ ಎಸೆತ ನೋಡದ ಎಮಿಲ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮೂರು ಟಾರೆಂಟ್ ಫೆರಿಯಲ್ಲಿ ಎಲ್ಲರಿಗೂ ಗೊತ್ತು. ಸ್ಲೋವಾಕರ ಕ್ಲಬ್ಬಿನ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತವಳಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಆದರೆ ಎಮಿಲ್ ಹುಡಾಕ್ ಅವರ ವಿಷಯ ಹೇಳಲು ಹೊರಟರೆ ಕೋಪಕ್ಕಿಂತ ಮೊದಲು ದುಃಖ ಬರುತ್ತದೆ.

ಎಮಿಲ್‌ಗೆ ಈಗ ಎಂಬತ್ತೆರಡು. ಮೊನೊಂಗಹೀಲಾ ನದಿ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ, ಕುಲುಮೆಯ ಮುಂದೆ ಇಪ್ಪತ್ತಮೂರು ವರ್ಷ ಬೆಂದವರು. ಹೆಂಡತಿ ಲುದ್ಮಿಲಾ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ವಾರದಲ್ಲಿ ಆರು ದಿನ ಅವರಿಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಗಡ್ಡ ಹೆರೆದು, ಶಾಲೆಯ ತಂಡದ ಕಿತ್ತಳೆ ಟೋಪಿ ಹಾಕಿಕೊಂಡು ಕ್ಲಬ್ಬಿಗೆ ಬರುತ್ತಿದ್ದರು. ನಮ್ಮಲ್ಲಿ ಶುಕ್ರವಾರ ಶಾಲೆಯ ಹುಡುಗರು ಮೈದಾನದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾರೆ, ಶನಿವಾರ ಮುದುಕರು ಬಾಯಲ್ಲಿ ಆಡುತ್ತಾರೆ.

ಜಗಳ ಒಂದೇ. ಎಲ್ಲ ಕಾಲಕ್ಕೂ ದೊಡ್ಡ ಕ್ವಾರ್ಟರ್‌ಬ್ಯಾಕ್ ಯಾರು? ತಂಡವನ್ನು ನಡೆಸುವವನು, ಚೆಂಡು ಎಸೆಯುವವನು ಅವನೇ. ನಮ್ಮ ಈ ಕಣಿವೆಯಲ್ಲಿ ಪಾದ್ರಿಯ ಹೆಸರು ಮರೆತವರು ಸಿಗುತ್ತಾರೆ, ಕ್ವಾರ್ಟರ್‌ಬ್ಯಾಕ್‌ನ ಹೆಸರು ಮರೆತವರು ಸಿಗುವುದಿಲ್ಲ.

ಆ ಮೇಜಿಗೊಂದು ಕಟ್ಟುನಿಟ್ಟಿನ ಕಟ್ಟಳೆ ಇತ್ತು. ಮೈದಾನದಲ್ಲಿ ಕಣ್ಣಾರೆ ನೋಡಿದ ಆಟಗಾರನ ಪರವಾಗಿ ಮಾತ್ರ ಮಾತನಾಡಬಹುದು. ಟೀವಿಗೀವಿ ಲೆಕ್ಕಕ್ಕಿಲ್ಲ. ಗೋಡೆಯ ಮೇಲೆ ಒಂದು ಕರಿಹಲಗೆ, ಅದರಲ್ಲಿ ಹೆಸರುಗಳು. ಒಬ್ಬ ಆಟಗಾರನನ್ನು ನೋಡಿದ ಕೊನೆಯ ಮನುಷ್ಯ ಸತ್ತರೆ, ಅವನ ಮಣ್ಣು ಮುಗಿಸಿ ಬಂದ ಮಧ್ಯಾಹ್ನ ಆ ಆಟಗಾರನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒರೆಸುವ ಕೆಲಸ ನನ್ನದು. ಹನ್ನೊಂದು ಜನ ಕೂರುತ್ತಿದ್ದ ಮೇಜು ಮೂವರಿಗೆ ಇಳಿಯುವ ಹೊತ್ತಿಗೆ ನಾನು ಎಂಟು ಹೆಸರು ಒರೆಸಿದ್ದೆ. ಇದೆಂಥ ಹಾಳು ಪದ್ಧತಿ ಎಂದು ಪ್ರತಿ ಸಲ ಬೈದುಕೊಂಡೇ ಒರೆಸಿದ್ದೇನೆ.

ಉಳಿದ ಮೂವರಲ್ಲಿ ಗಸ್ ಪೆಟ್ರಾಕಿಸ್ ಒಬ್ಬ. ಟಪಾಲು ಹಂಚುತ್ತಿದ್ದವನು, ಎಪ್ಪತ್ತಮೂರು ವಯಸ್ಸು. ಮುಂದೆ ದೇಶಕ್ಕೇ ಹೆಸರಾದ ಜೋ ಮೊಂಟಾನಾ ಇನ್ನೂ ಶಾಲೆಯಲ್ಲಿದ್ದಾಗಲೇ, ಪಕ್ಕದ ಊರಿನ ಮೈದಾನದಲ್ಲಿ ಅವನನ್ನು ನೋಡಿದೆ ಎನ್ನುವುದು ಇವನ ಹೆಮ್ಮೆ. ಇನ್ನೊಬ್ಬ ವೆಂಡೆಲ್ ಟಾಲಿವರ್. ಇವನ ದೇವರು ಕರ್ಟಿಸ್ ಮಾಬ್ರಿ, ನಮ್ಮ ಶಾಲೆಯ ಎಂಬತ್ತಮೂರರ ಕ್ವಾರ್ಟರ್‌ಬ್ಯಾಕ್. ಮೂರನೆಯವರು ಎಮಿಲ್. ಐವತ್ತೊಂಬತ್ತರಲ್ಲಿ ನಮ್ಮ ಊರಿಗೆ ಕಪ್ ತಂದುಕೊಟ್ಟ ಲ್ಯಾಡಿ ಪ್ರೊಕೋಪ್‌ನ ಪರ ಮಾತನಾಡಲು ಭೂಮಿಯ ಮೇಲೆ ಉಳಿದವರು ಅವರೊಬ್ಬರೇ. ಲ್ಯಾಡಿ ಇಪ್ಪತ್ತನಾಲ್ಕನೆಯ ವಯಸ್ಸಿಗೇ ನದಿ ರಸ್ತೆಯಲ್ಲಿ ಕಾರು ಮಗುಚಿ ಸತ್ತಿದ್ದ.

"ನಿನ್ ಲ್ಯಾಡಿ ಇವತ್ತು ಆಡಿದ್ರೆ ಮೂರೇ ನಿಮಿಷಕ್ಕೆ ಚಾಪೆ ಸುತ್ತಿ ಕಳಿಸ್ತಿದ್ರು ಕಣೋ," ಗಸ್ ಶುರುಮಾಡುತ್ತಿದ್ದ. "ಈಗಿನ ಹುಡುಗ್ರ ಗಾತ್ರ ನೋಡಿದೀಯಾ?"

"ಗಾತ್ರ ಕಟ್ಕೊಂಡು ಏನ್ ಮಾಡ್ತೀಯ?" ಎಮಿಲ್ ಬಿಡುತ್ತಿರಲಿಲ್ಲ. "ಈಗ ಎಸೆಯೋನ್ನ ಮುಟ್ಟಿದ್ರೆ ಸಾಕು, ತಪ್ಪು ಅಂತ ಅಂಪೈರು ಹಳದಿ ಬಟ್ಟೆ ಎಸೀತಾನೆ. ಲ್ಯಾಡಿ ಮುರಿದ್ ಮೂಗಲ್ಲಿ ಆಡ್ದ. ಟೀವೀಲಿ ಮೆರೆಯೋರಿಗೆ ಮುಂದೇನ್ ಮಾಡ್ಬೇಕು ಅಂತ ಕೋಚು ಕಿವೀಲಿ ಊದ್ಬೇಕು. ಆ ಕಾಲದ್ ದೊಡ್ಡಾಟಗಾರ ಯುನೈಟಸ್‌ಗೆ ಯಾರ್ ಊದ್ತಿದ್ರು? ಲ್ಯಾಡಿಗೆ ಯಾರ್ ಊದಿದ್ರು?"

"ಏಳು ಕಪ್ ಗೆದ್ದ ಬ್ರೇಡಿನೂ ಬೇಡ, ನಾಲ್ಕು ಗೆದ್ದ ಮೊಂಟಾನಾನೂ ಬೇಡ," ಎಂದು ವೆಂಡೆಲ್ ತಣ್ಣಗೆ ಹೇಳುತ್ತಿದ್ದ. "ಎಂಬತ್ಮೂರಲ್ಲಿ ಕಾರ್ಖಾನೆ ಬಾಗ್ಲು ಹಾಕಿ ಅರ್ಧ ಊರು ಬೀದಿಗ್ ಬಿದ್ದಿತ್ತು. ಮಾಬ್ರಿ ಒಂದು ಆಟನೂ ಸೋಲ್ಲಿಲ್ಲ. ಹೊಟ್ಟೆಗಿಲ್ದೋರನ್ನ ನಗ್ಸಿದೋನು ಅವ್ನು. ಕಪ್ ತಗೊಂಡ್ ಏನ್ ಮಾಡ್ತೀರ್ರೋ?"

ಆಗ ಎಮಿಲ್ ಲ್ಯಾಡಿಯ ಕೊನೆಯ ಎಸೆತವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು. ಆಟ ಮುಗಿಯಲು ಒಂಬತ್ತು ಸೆಕೆಂಡು, ಹಿಮ ಬೀಳುತ್ತಿದೆ, ಚೆಂಡು ಐವತ್ತು ಗಜ ಹಾರಿ ಓಡುತ್ತಿದ್ದವನ ಎದೆಗೆ ಬಂದು ಕೂತಿತು. ಅವರು ಹೇಳುವಾಗ ಗಸ್‌ ಕೂಡ ಕಾಫಿ ಕೆಳಗಿಟ್ಟು ಕೇಳುತ್ತಿದ್ದ.

ಅದೆಲ್ಲ ಸುಳ್ಳು ಎಂದು ನನಗೆ ಗೊತ್ತಿತ್ತು.

ಲುದ್ಮಿಲಾಳ ಮಣ್ಣಾದ ದಿನ, ಊಟಕ್ಕೆ ಬಂದವರ ಕಣ್ಣು ತಪ್ಪಿಸಿ, ಎಮಿಲ್ ನನ್ನ ಅಡುಗೆಮನೆಗೆ ಬಂದು ಹಿಟ್ಟಿನ ಡಬ್ಬದ ಮೇಲೆ ಕೂತಿದ್ದರು. "ವೆರಾ, ನಾನ್ ಸೆಂಟರ್ ಆಡ್ತಿದ್ದೆ," ಎಂದರು.

"ಗೊತ್ತಲ್ಲ, ಅದಕ್ಕೇನೀಗ?"

"ಸೆಂಟರ್ ಏನ್ ನೋಡ್ತಾನೆ ಹೇಳು. ಬಗ್ಗಿ ನಿಂತು, ಕಾಲ್ಸಂದೀಲಿ ಚೆಂಡನ್ನ ಹಿಂದಿನೋನ್ ಕೈಗೆ ಕೊಟ್ರೆ, ಮುಂದಿರೋ ಗೂಳಿ ಬಂದು ಮೈಮೇಲೆ ಬೀಳ್ತಾನೆ. ಮೂರ್ ವರ್ಷ ಆಡ್ದೆ. ಲ್ಯಾಡಿ ಎಸೆದಿದ್ದು ಒಂದೇ ಒಂದು ಸಲನೂ ನೋಡಿಲ್ಲ ಕಣಮ್ಮ. ಜನ ಕೂಗಿದ್ರೆ ಗೆದ್ವಿ ಅನ್ಕೋತಿದ್ದೆ. ಲುದ್ಮಿಲಾ ಒಬ್ಳಿಗೇ ಹೇಳಿದ್ದೆ. ಈಗ ಗೊತ್ತಿರೋರು ಯಾರೂ ಇಲ್ವಲ್ಲ ಅಂತ ನಿಂಗ್ ಹೇಳ್ದೆ."

ಅಷ್ಟು ಆಟ ಬಲ್ಲವರಿಗೆ ಇದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ, ಏಕೆಂದರೆ ಆಟ ನೋಡುವವರು ಯಾರೂ ಸೆಂಟರ್ ಕಡೆ ನೋಡುವುದೇ ಇಲ್ಲ. ಎರಡಡಿ ದೂರದಲ್ಲಿ ಇದ್ದವನು, ಇವನಿಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ಎಮಿಲ್‌ಗೆ ಮಣೆ ಹಾಕಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಇಲ್ಲಿ ಕಾಣದೇ ಇದ್ದವನ ಪ್ರಮಾಣ ಐವತ್ತು ವರ್ಷ ನಡೆಯಿತು. ನಾನು ಬಾಯಿ ಬಿಡಲಿಲ್ಲ. ಲ್ಯಾಡಿಯ ಹೆಸರು ಹಲಗೆಯ ಮೇಲಿದ್ದರೆ ತಾನೆ ಎಮಿಲ್‌ಗೆ ಆ ಮೇಜಿನಲ್ಲಿ ಮಾತು? ಅದು ಹೋದರೆ ವಾರದ ಏಳನೆಯ ದಿನವೂ ಹೋದಂತೆಯೇ.

ಹೋದ ವರ್ಷ ನಮ್ಮ ಶಾಲೆಯನ್ನು ಹೊಳೆಯಾಚೆಯ ಶಾಲೆಯ ಜೊತೆ ಸೇರಿಸುವುದೆಂದು ತೀರ್ಮಾನವಾಯಿತು. ಶಾಲೆಯ ಬೀರುಗಳನ್ನು ಖಾಲಿ ಮಾಡುವಾಗ, ಅಲ್ಲೇ ಕೆಲಸ ಮಾಡುವ ಗಸ್‌ನ ಮಗಳಿಗೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಐವತ್ತೊಂಬತ್ತರ ಕೊನೆಯ ಆಟದ ಫಿಲಂ ಸುರುಳಿ. ಗಸ್ ಚರ್ಚಿನ ಹಳೆಯ ಪ್ರೊಜೆಕ್ಟರನ್ನು ಹೊತ್ತು ತಂದು, ಶನಿವಾರ ಬೆಳಿಗ್ಗೆ ಕ್ಲಬ್ಬಿನ ಕಿಟಕಿ ಪರದೆಗಳನ್ನೆಲ್ಲ ಎಳೆದ.

"ಬಾರಪ್ಪ ಮುದುಕಪ್ಪ, ಬಾ!" ಎಂದು ಎಮಿಲ್‌ರನ್ನು ಮುಂದಿನ ಕುರ್ಚಿಗೆ ಕೂರಿಸಿದ. "ಅರವತ್ತೈದ್ ವರ್ಷ ಆದ್ಮೇಲೆ ನಿನ್ ಲ್ಯಾಡೀನ ತೋರಿಸ್ತೀನಿ."

ಅವನ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿರಲಿಲ್ಲ. ಉಡುಗೊರೆ ಕೊಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಎಮಿಲ್ ನನ್ನ ಕಡೆ ತಿರುಗಿ ನೋಡಿದರು. ಪ್ರೊಜೆಕ್ಟರು ಕೆಟ್ಟುಹೋಗಲಿ ಎಂದು ದೇವರನ್ನು ಬೇಡಿಕೊಂಡೆ.

ಕೆಡಲಿಲ್ಲ. ಸದ್ದಿಲ್ಲದ ಕಪ್ಪುಬಿಳುಪು ಚಿತ್ರ. ಲ್ಯಾಡಿ ಎಸೆದ, ಎಮಿಲ್ ನೆಲದ ಮೇಲೆ. ಇನ್ನೊಮ್ಮೆ ಎಸೆದ, ಎಮಿಲ್ ಇಬ್ಬರ ಅಡಿಯಲ್ಲಿ. ನಾಲ್ಕನೆಯ ಸಲಕ್ಕೆ ಗಸ್ ನಗಲು ಶುರುಮಾಡಿದ.

"ಲೋ ಎಮಿಲ್! ನೀನು ಹುಲ್ಲು ಮೇಯ್ತಿದ್ದೆಯಲ್ಲೋ! ಯಾವಾಗ್ ನೋಡಿದ್ಯೋ ನೀನು?"

ವೆಂಡೆಲ್ ನಗಲಿಲ್ಲ. "ಎಮಿಲ್, ನಿಜ ಹೇಳು," ಎಂದ ಮೆಲ್ಲಗೆ. "ಒಂದಾದ್ರೂ ನೋಡಿದೀಯಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ತಲೆಯೆತ್ತಿ ಒಂದನ್ನು ನೋಡಿದೆ ಎಂದರೆ ಅಲ್ಲಗಳೆಯಲು ಯಾರು ಬದುಕಿದ್ದಾರೆ? ಎಮಿಲ್ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಇಲ್ಲ ಕಣೋ. ಒಂದೂ ನೋಡಿಲ್ಲ. ನೀವು ಕೇಳ್ತಿದ್ರಿ, ನಾನ್ ಹೇಳ್ತಿದ್ದೆ."

ಗಸ್‌ನ ನಗು ನಿಂತುಹೋಯಿತು. "ಥೂ, ನನ್ ಬಾಯಿಗಿಷ್ಟು ಮಣ್ಣು. ಹೋಗ್ಲಿ ಬಿಡೋ, ಕಟ್ಟಳೆ ನಾವೇ ಮಾಡ್ಕೊಂಡಿದ್ದು ತಾನೆ..."

"ಎಂಟು ಜನಕ್ಕೆ ಇಲ್ದಿರೋ ವಿನಾಯ್ತಿ ನನಗ್ಯಾಕೆ?" ಎನ್ನುತ್ತ ಎಮಿಲ್ ಎದ್ದರು. "ವೆರಾ, ಒದ್ದೆ ಬಟ್ಟೆ ಕೊಡು."

"ಕೊಡಲ್ಲ!" ಎಂದು ಕಿರುಚಿದೆ. "ಈ ಹಾಳು ಹಲಗೆಗೆ ಬೆಂಕಿ ಹಾಕ್ತೀನಿ, ಬಟ್ಟೆ ಮಾತ್ರ ಕೊಡಲ್ಲ. ನೀವ್ ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಅಂಗಿಯ ತೋಳಿನಿಂದಲೇ ಲ್ಯಾಡಿಯ ಹೆಸರನ್ನು ಒರೆಸಿ, ಕೋಟು ಹಾಕಿಕೊಂಡು ಹೊರಟುಹೋದರು. ಫಿಲಂ ಅರ್ಧವೂ ಆಗಿರಲಿಲ್ಲ. ಎಮಿಲ್ ಇಲ್ಲದೆ ಉಳಿದದ್ದನ್ನು ನೋಡಲು ಗಸ್‌ಗೆ ಮನಸ್ಸಾಗಲಿಲ್ಲ, ಸುರುಳಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟ.

ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಗಸ್ ಎರಡು ಸಲ ಅವರ ಮನೆಗೆ ಹೋಗಿ ಬಾಗಿಲು ಬಡಿದು ಬಂದ. ಮೂರನೆಯ ವಾರ ನಾನೇ ಎಲೆಕೋಸಿನಲ್ಲಿ ಮಾಂಸ ಸುತ್ತಿದ ಸುರುಳಿಗಳನ್ನು ಪಾತ್ರೆಗೆ ತುಂಬಿಕೊಂಡು, ಬೈಯಲೆಂದೇ ಹೋದೆ. ಬಾಗಿಲು ತೆರೆದವರ ಗಡ್ಡ ಬೆಳೆದಿತ್ತು. ಮಾತನಾಡಿ ರೂಢಿ ತಪ್ಪಿದವರ ಹಾಗೆ ಎರಡು ಸಲ ಕೆಮ್ಮಿದರು. ನನ್ನ ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ, ಕಣ್ಣಲ್ಲಿ ನೀರು ಬಂತು.

"ಗಸ್ ನಿಮ್ಮನ್ನ ಕಾಯ್ತಿದಾನೆ. ಬಂದು ಸುಮ್ನೆ ಕೂತ್ಕೊಳ್ಳಿ, ಯಾರ್ ಬೇಡ ಅಂತಾರೆ?"

"ಸುಮ್ನೆ ಕೂತ್ಕೊಳ್ಳಕ್ಕೆ ಮನೇಲೇ ಕುರ್ಚಿ ಇದೆಯಲ್ಲಮ್ಮ," ಎಂದರು. ಪಾತ್ರೆ ತೆಗೆದುಕೊಳ್ಳುತ್ತ ಕೇಳಿದರು, "ಆ ಸುರುಳೀಲಿ ಕೊನೆ ಎಸೆತ ಇದೆಯಾ?"

ಸೋಮವಾರ ಮಧ್ಯಾಹ್ನ ಕ್ಲಬ್ಬಿಗೆ ರಜ. ಬೀಗ ತೆಗೆದು, ಪರದೆ ಎಳೆದು, ನಾನೇ ಪ್ರೊಜೆಕ್ಟರ್ ಹಾಕಿದೆ. ಅಷ್ಟು ದೊಡ್ಡ ಕೋಣೆಯಲ್ಲಿ ನಾವಿಬ್ಬರೇ. ಕೊನೆಗೆ ಒಂಬತ್ತು ಸೆಕೆಂಡು ಉಳಿದ ಆ ಗಳಿಗೆ ಬಂತು. ಎಮಿಲ್ ಹೇಳುತ್ತಿದ್ದ ಹಾಗೆಯೇ ಹಿಮ ಬೀಳುತ್ತಿತ್ತು. ಲ್ಯಾಡಿ ಚೆಂಡು ತೆಗೆದುಕೊಂಡ, ಎಮಿಲ್ ನೆಲಕ್ಕೆ ಬಿದ್ದರು, ಲ್ಯಾಡಿ ಎಸೆದ. ಎಲ್ಲರ ಮುಖವೂ ಚೆಂಡು ಹೋದ ಕಡೆ ತಿರುಗಿತು. ಜನ, ಕೋಚು, ಎದುರಾಳಿಗಳು ಎಲ್ಲರೂ ಅತ್ತ ಕಡೆಯೇ ನೋಡುತ್ತಿದ್ದರು. ಚೆಂಡು ಇನ್ನೂ ಗಾಳಿಯಲ್ಲೇ ಇದ್ದಿರಬೇಕು. ಲ್ಯಾಡಿ ಮಾತ್ರ ಅದಕ್ಕೆ ಬೆನ್ನು ತಿರುಗಿಸಿ ಎರಡು ಹೆಜ್ಜೆ ಬಂದು, ಬಗ್ಗಿ, ಬಿದ್ದವನ ಮೇಲಿದ್ದ ಹುಡುಗನನ್ನು ತಳ್ಳಿ, ಎಮಿಲ್‌ರ ಎರಡೂ ಕೈ ಹಿಡಿದು ಮೇಲಕ್ಕೆಳೆದ. ನಗುತ್ತಿದ್ದ. ಮುಂದಿನ ಹಲ್ಲೊಂದು ಇರಲಿಲ್ಲ.

"ನಿಲ್ಸು, ನಿಲ್ಸು," ಎಂದರು ಎಮಿಲ್. "ಹಿಂದಕ್ಕೆ ಹಾಕು."

ಹಾಕಿದೆ.

"ವೆರಾ, ಅವನೂ ನೋಡ್ಲಿಲ್ಲ!" ಅವರ ದನಿ ಹುಡುಗನ ದನಿಯ ಹಾಗೆ ಒಡೆದಿತ್ತು. "ತಾನೇ ಎಸ್ದಿದ್ದು, ಎಲ್ಲಿ ಬಿತ್ತು ಅಂತ ತಾನೇ ನೋಡ್ಲಿಲ್ಲ. ಎಲ್ಲ ನೋಡ್ಕೊಂಡು, ಕುಣಿದು, ಆಮೇಲ್ ಬಂದು ನನ್ನ ಎತ್ತಿದ ಅನ್ಕೊಂಡಿದ್ದೆ ಕಣೇ."

ಹನ್ನೊಂದು ಸಲ ಹಿಂದಕ್ಕೆ ಹಾಕಿಸಿದರು. ಪ್ರತಿ ಸಲವೂ ಮುಂದಕ್ಕೆ ಬಾಗಿ ನೋಡಿದರು. ಕೊನೆಯ ಸಲ ಪರದೆ ಬರೀ ಬಿಳಿಯಾದ ಮೇಲೂ ಏಳಲಿಲ್ಲ. "ಅವನು ಹೋದ್ಮೇಲೆ ಕೆಳಗ್ ಬಿದ್ದಾಗೆಲ್ಲ ನಾನೇ ಎದ್ದಿದೀನಿ," ಎಂದರು. ಆಮೇಲೆ ಕುರ್ಚಿಯ ಕೈ ಹಿಡಿದು, ನಿಧಾನವಾಗಿ, ಅವರೇ ಎದ್ದರು.

ಎಮಿಲ್ ಈಗಲೂ ಶನಿವಾರ ಬರುವುದಿಲ್ಲ. ಸೋಮವಾರ ಮಧ್ಯಾಹ್ನ ಬರುತ್ತಾರೆ, ಗಡ್ಡ ಹೆರೆದು, ಯಾರೂ ಇಲ್ಲದ ಹೊತ್ತಿಗೆ. ನಾನು ಪರದೆ ಎಳೆಯುತ್ತೇನೆ.

ಗಸ್‌ಗೆ ಇದು ಹೇಗೋ ತಿಳಿಯಿತು. ಮೊನ್ನೆ ಶನಿವಾರ ಕಾಫಿ ಬಗ್ಗಿಸುವಾಗ ನನ್ನ ಏಪ್ರನ್ ಹಿಡಿದ ಮಗುವಿನ ಹಾಗೆ ಬೆನ್ನು ಹತ್ತಿದ. "ಹೇಳು ತಾಯಿ, ಆ ಕೊನೆ ಎಸೆತ ನಿಜವಾಗ್ಲೂ ಐವತ್ ಗಜ ಹೋಯ್ತಾ? ಹಿಡಿದ್ನಾ ಅವ್ನು?"

ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟೆ. ಎಷ್ಟು ಸೋಮವಾರ, ಎಷ್ಟು ಸಲ ಆ ಸುರುಳಿ ಓಡಿಸಿದ್ದೆ.

"ಗೊತ್ತಿಲ್ಲ ಕಣೋ ಗಸ್," ಎಂದೆ. "ಚೆಂಡಿನ್ ಕಡೆ ನಾನೂ ನೋಡ್ಲಿಲ್ಲ."