ಅಮೊಂಡಿಯ ಪರವಾಗಿ ಮಾತಾಡಿದವರು

ಅಮೊಂಡಿಯನ್ನು ಸರಕಿನಂತೆ ಒರೆಗೆ ಹಚ್ಚಿ ನೋಡಿದರೆ ಲೆಕ್ಕ ಹೀಗೆ: ವಯಸ್ಸು ನಲವತ್ತರ ಆಚೆ, ಮೈ ಗಟ್ಟಿ, ಬಣ್ಣ ಮಾಸಿಲ್ಲ. ಕತ್ತು ಬುಟ್ಟಿ ಹೊತ್ತು ಪಳಗಿದ್ದು. ಕಿವಿ ಎರಡೂ ಹುಟ್ಟಿನಿಂದ ಕೇಳಿಸುವುದಿಲ್ಲ; ಆ ಕೊರತೆಯನ್ನು ಕಣ್ಣು ಬಡ್ಡಿ ಸಮೇತ ತುಂಬಿಕೊಡುತ್ತದೆ. ಒಮೆನಾ ಎಂಬ ಬೆರಳುದ್ದದ ಬೆಳ್ಳಿಮೀನು ಒಣಗಿದೆಯೋ ಇಲ್ಲವೋ ಎಂದು ಇಪ್ಪತ್ತು ಹೆಜ್ಜೆ ದೂರದಿಂದಲೇ ಹೇಳಬಲ್ಲಳು. ಚೌಕಾಸಿಗೆ ಕರಗುವವಳಲ್ಲ. ಹೋಮಾ ಬೇ ಊರಿನ ಕಡೆಯ ಸರೋವರದ ದಂಡೆಯಲ್ಲಿ ಇಂಥ ಮಾಲು ಇನ್ನೊಂದಿರಲಿಲ್ಲ. ಹನ್ನೆರಡು ವರ್ಷ ಈ ಮಾಲಿಗೆ ಇರುವ ಒಬ್ಬನೇ ಏಜೆಂಟು ತಾನು ಎಂದು ಒಗುಟು ನಂಬಿದ್ದ.

ಒಗುಟುವಿನದು ಫೋನ್ ಚಾರ್ಜ್ ಮಾಡಿಕೊಡುವ, ಕರೆನ್ಸಿ ಹಾಕುವ, ಬಲೆಯ ದಾರ ಮಾರುವ ತಗಡಿನ ಅಂಗಡಿ. ಎದುರಿಗೇ ಅಮೊಂಡಿ ಮೀನು ಒಣಹಾಕುವ ಜಾಗ. ಯಾರಿಗಾದರೂ ಫೋನ್ ಮಾಡಬೇಕಾದರೆ ಅವಳು ಅವನ ಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಅವಳು ಕೈಸನ್ನೆ ಮಾಡುತ್ತಿದ್ದಳು, ಅವನು ಮಾತಾಡುತ್ತಿದ್ದ. ಆ ಸನ್ನೆಗಳನ್ನು ಅವಳಿಂದಲೇ, ಅವಳ ನಗೆಗೆ ಈಡಾಗುತ್ತಲೇ ಕಲಿತಿದ್ದ. ಕಿಸುಮುವಿನ ಸಗಟು ವ್ಯಾಪಾರಿಗೂ ಅವಳ ಮಗನ ಮೇಷ್ಟ್ರಿಗೂ ಅಮೊಂಡಿಯ ದನಿ ಎಂದರೆ ಒಗುಟುವಿನ ಒರಟು ದನಿಯೇ. ಅವಳ ತಾಯಿ ಸತ್ತ ಸುದ್ದಿ ಸಹ ಮೊದಲು ಬಂದದ್ದು ಅವನ ಕಿವಿಗೆ.

ಆದರೆ ಅವಳ ಮಾತನ್ನು ಅವನು ಇದ್ದ ಹಾಗೆ ದಾಟಿಸಿದ್ದು ಕಡಿಮೆ. ಖಾರ ಇದ್ದರೆ ತೆಗೆದು, ಸ್ವಲ್ಪ ಬೆಲ್ಲ ಸೇರಿಸಿ, ಕಾಗದದಲ್ಲಿ ಸುತ್ತಿಕೊಡುತ್ತಿದ್ದ. ಅದು ತನ್ನ ಕಸುಬುದಾರಿಕೆ ಎಂದೇ ತಿಳಿದಿದ್ದ.

ಹೀಗಿರುವಾಗ ಕಿಸುಮುವಿನ ಕಿವುಡರ ಸಂಘದವರು ಅಮೊಂಡಿಯ ಫೋನಿಗೆ ಹೊಸದೊಂದು ಆ್ಯಪ್ ಹಾಕಿಕೊಟ್ಟರು. ಒತ್ತಿದರೆ ನೈರೋಬಿಯ ಆಫೀಸೊಂದರಿಂದ ಮ್ವೆಂಡೆ ಎಂಬ ಹುಡುಗಿ ಪರದೆಯ ಮೇಲೆ ಬರುತ್ತಾಳೆ. ಅಮೊಂಡಿಯ ಸನ್ನೆ ನೋಡಿ, ಬೇಕಾದವರಿಗೆ ಇನ್ನೊಂದು ಫೋನಿನಲ್ಲಿ ಕರೆಮಾಡಿ, ಬಾಯಲ್ಲಿ ಹೇಳುತ್ತಾಳೆ. ಅಲ್ಲಿಂದ ಬಂದ ಉತ್ತರವನ್ನು ಸನ್ನೆಯಲ್ಲಿ ತೋರಿಸುತ್ತಾಳೆ. ಎರಡು ಕೈಯೂ ಬಿಡುವಾಗಿರಲಿ ಎಂದು ಅಮೊಂಡಿ ಮೀನು ಅಳೆಯುವ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟುಕೊಳ್ಳುತ್ತಿದ್ದಳು.

ಪಕ್ಕದಲ್ಲಿ ಚಹಾ, ಮಂದಾಜಿ ಎಂಬ ಕರಿದ ಬನ್ನು ಮಾರುವ ರೋಸಾ ಬಿಡುತ್ತಾಳೆಯೇ?

"ಏನ್ ಒಗುಟಣ್ಣ, ನೈರೋಬಿಯಿಂದ ನಿನಗೆ ಸವತಿ ಬಂದ್ಳಂತೆ?"

"ಸವತಿ ಅಲ್ಲ, ಸಂಬಳದವಳು. ಸಂಬಳ ನಿಂತ ದಿನ ಬಾಯೂ ನಿಲ್ಲುತ್ತೆ."

"ನಿನ್ನ ಬಾಯಿ ಪುಕ್ಕಟೆ ನೋಡು, ಅದಕ್ಕೇ ನಿಲ್ಲೋದೇ ಇಲ್ಲ!"

ಒಗುಟು ದಾರ ಸುತ್ತುವ ನೆಪದಲ್ಲಿ ಕದ್ದು ಕೇಳಲು ಶುರುಮಾಡಿದ. ಒಂದು ದಿನ ಕಿಸುಮುವಿನ ವ್ಯಾಪಾರಿ ಎಂದಿನಂತೆ ಮೀನಿನಲ್ಲಿ ಮರಳು ಇದೆ ಎಂದು ತಗಾದೆ ತೆಗೆದ. ಅಮೊಂಡಿಯ ಕೈ ಸರಸರ ಆಡಿತು. ಮ್ವೆಂಡೆ ಒಂದಕ್ಷರ ಬಿಡದೆ ಹೇಳಿದಳು: "ಹನ್ನೆರಡು ವರ್ಷದಿಂದ ನನ್ನ ಮೀನಲ್ಲಿ ಮರಳು ಆರಿಸ್ತಿದ್ದೀಯ. ಆ ಮರಳಲ್ಲೇ ಮನೆ ಕಟ್ಟಿಸ್ತಿದ್ದೀಯಂತೆ. ಇನ್ನೆಷ್ಟು ಅಂತಸ್ತು ಬಾಕಿ?"

ಆ ಕಡೆಯವನು ನಕ್ಕಿರಬೇಕು. ಅಮೊಂಡಿ ಕೇಳಿದ ದರವೇ ನಿಂತಿತು. ಅದೇ ಮಾತಿಗೆ ಒಗುಟು ಆಗಿದ್ದರೆ, "ಮುಂದಿನ ಸಲ ಚೆನ್ನಾಗಿ ಜಾಲಿಸಿ ಕಳಿಸ್ತಾಳೆ, ಸ್ವಾಮಿ" ಎನ್ನುತ್ತಿದ್ದ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಇದಕ್ಕಿಂತ ಹೆಚ್ಚು ಉರಿದದ್ದು ಹೆಸರಿನ ವಿಷಯ. ಕಿವಿ ಕೇಳದವರು ತಮಗೆ ಬೇಕಾದವರಿಗೆ ಒಂದು ಸನ್ನೆಯ ಹೆಸರು ಇಡುತ್ತಾರೆ. ಕೇಳಿ ಪಡೆಯುವಂಥದ್ದಲ್ಲ ಅದು. ಒಗುಟು ಅದು ಸಿಗುವವರೆಗೆ ನಾಲ್ಕು ವರ್ಷ ಕಾದಿದ್ದ. ಮ್ವೆಂಡೆಗೆ ಎಂಟೇ ದಿನಕ್ಕೆ ಸಿಕ್ಕಿತು: ಗಲ್ಲದ ಗುಳಿಯ ಮೇಲೆ ಒಂದು ಬೆರಳು.

ಮರುದಿನ ಅವನು ಬೆಂಚಿನ ಮೇಲೆ ಸೋಡಾ ಕ್ರೇಟುಗಳನ್ನು ಪೇರಿಸಿಟ್ಟ. ಅಮೊಂಡಿ ನೆಲದ ಮೇಲೆ ಕೂತು ಫೋನ್ ಮಾಡಿದಳು. ಅವನಿಗೆ ತಡೆಯಲಾಗಲಿಲ್ಲ. "ಆ ಹುಡುಗಿ ನಿನ್ನ ಗುಟ್ಟನ್ನೆಲ್ಲ ಊರಿಗೆ ಹಂಚ್ತಾಳೆ, ನೋಡ್ತಿರು" ಎಂದು ಸನ್ನೆ ಮಾಡಿದ.

ಅಮೊಂಡಿ ಕೈ ಒರೆಸಿಕೊಂಡು ನಿಧಾನವಾಗಿ ಉತ್ತರಿಸಿದಳು: "ನಮ್ಮವ್ವ ಸತ್ತ ಸುದ್ದಿ ನನಗಿಂತ ಮುಂಚೆ ರೋಸಾಗೆ ಗೊತ್ತಿತ್ತು. ಅದನ್ನ ಹಂಚಿದ್ದೂ ಆ ಹುಡುಗೀನೇನಾ?"

ಎರಡು ವಾರ ಇಬ್ಬರೂ ಒಬ್ಬರ ಕಡೆ ಒಬ್ಬರು ಸನ್ನೆಗೂ ಕೈ ಎತ್ತಲಿಲ್ಲ.

ಹಿರಿಯರೊಬ್ಬರು ತೀರಿಕೊಂಡ ದಿನ ಇಡೀ ದಂಡೆ ಸಾವಿನ ಮನೆಗೆ ಹೋಗಿತ್ತು. ಒಗುಟು ಉಳಿದದ್ದು ಬೇರೆ ಅಂಗಡಿಗಳು ಮುಚ್ಚಿವೆ ಎಂಬ ಆಸೆಗೆ. ಅಮೊಂಡಿ ಉಳಿದದ್ದು ಮೋಡ ಕಟ್ಟಿದ್ದಕ್ಕೆ. ಮಧ್ಯಾಹ್ನ ದಾರದ ಉಂಡೆ ಒಗುಟುವಿನ ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಕೂಗಲು ಹೋದರೆ ನಾಲಿಗೆ ಒದ್ದೆ ಚೀಲದಂತೆ ಬಿದ್ದಿತ್ತು. ಕೂಗಿದ್ದರೂ ಕೇಳಿಸಿಕೊಳ್ಳಲು ಇದ್ದವಳು ಅಮೊಂಡಿಯೊಬ್ಬಳೇ.

ಮೀನು ತಿರುವುತ್ತಿದ್ದವಳು ತಲೆ ಎತ್ತಿದಳು. ಕೌಂಟರಿನ ಹಿಂದೆ ಮನುಷ್ಯನಿಲ್ಲ, ಕಾಲಿದೆ. ಓಡಿಬಂದಳು. ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ಡಬ್ಬ ತಂದು, ಫೋನು ಒರಗಿಸಿದಳು.

ನೆಲದಲ್ಲಿ ಬಿದ್ದ ಒಗುಟುವಿಗೆ ಮ್ವೆಂಡೆಯ ದನಿ ಕೇಳುತ್ತಿತ್ತು. ಅವಳು ತುರ್ತು ಆಂಬುಲೆನ್ಸಿನವರ ಜೊತೆ ಮಾತಾಡುತ್ತಿದ್ದಳು, ಅಮೊಂಡಿಯಾಗಿ:

"ನಾನು ಅಮೊಂಡಿ, ಮೀನು ಮಾರೋಳು. ನನಗೆ ಕಿವಿ ಕೇಳಲ್ಲ, ಇನ್ನೊಬ್ಬರ ಬಾಯಲ್ಲಿ ಮಾತಾಡ್ತಿದ್ದೀನಿ. ತಮಾಷೆ ಅಂತ ಫೋನ್ ಇಡಬೇಡಿ. ಗಂಡಸು, ಐವತ್ತು ದಾಟಿದೆ. ಬಲಗಡೆ ಮುಖ ಇಳಿದುಹೋಗಿದೆ, ಬಲಗೈ ಎತ್ತಕ್ಕಾಗ್ತಿಲ್ಲ. ಹತ್ತು ನಿಮಿಷ ಆಗಿರಬೇಕು. ಇಲ್ಲ, ಮಾತೂ ಬರ್ತಿಲ್ಲ. ಇವನ ಬಾಯಿ ಸುಮ್ಮನಿರೋದನ್ನ ನಾನು ನೋಡ್ತಿರೋದು ಇದೇ ಮೊದಲು, ಅದಕ್ಕೇ ಹೆದರಿಕೆ ಆಗ್ತಿದೆ. ಸಾವಿನ ಮನೆ ಗುಡಾರ ಸಿಗುತ್ತೆ, ಅಲ್ಲಿ ನಿಲ್ಲಬೇಡಿ, ದಂಡೆಗೆ ಇಳೀರಿ. ನೀಲಿ ತಗಡು."

ಆಮೇಲೆ ಆ ಕಡೆಯಿಂದ ಏನೋ ಕೇಳಿದರು. ಅವರು ನಿಮಗೇನಾಗಬೇಕು ಎಂದು ಮ್ವೆಂಡೆ ಸನ್ನೆಯಲ್ಲಿ ದಾಟಿಸಿದಳು. ಅಮೊಂಡಿಯ ಕೈ ಮತ್ತೆ ಆಡಿತು.

"ನನ್ನ ಗೆಳೆಯ," ಎಂದಿತು ನೈರೋಬಿಯ ದನಿ. "ಹೊಟ್ಟೆಕಿಚ್ಚಿನವನು. ಬೇಗ ಬನ್ನಿ."

ಅರ್ಧ ಮೈ ಸತ್ತು ಬಿದ್ದಿದ್ದರೂ ಒಗುಟುವಿಗೆ ಮತ್ಸರವಾಯಿತು. ಹನ್ನೆರಡು ವರ್ಷದಲ್ಲಿ ಅವಳ ಮಾತಿಗೆ ಅಷ್ಟು ಸರಿಯಾದ ದನಿಯನ್ನು ಅವನು ಒಮ್ಮೆಯೂ ಕೊಟ್ಟಿರಲಿಲ್ಲ.

ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ ಕಾರಣ ಅವನು ಉಳಿದ. ಕಾಲು ಎಳೆಯುತ್ತದೆ, ಮಾತು ಇನ್ನೂ ತೊದಲು. ಮನೆಯವರಿಗೆ ಅರ್ಥವಾಗದ್ದನ್ನು ಎಡಗೈ ಸನ್ನೆಯಲ್ಲಿ ಅಮೊಂಡಿಗೆ ಹೇಳುತ್ತಾನೆ. ಅವಳು ಅದನ್ನು ಮ್ವೆಂಡೆಗೆ ಹೇಳುತ್ತಾಳೆ, ಮ್ವೆಂಡೆ ಅವನ ಹೆಂಡತಿಗೆ ಫೋನಿನಲ್ಲಿ ಹೇಳುತ್ತಾಳೆ. ಉಪ್ಪು ಕಡಿಮೆ ಎಂಬುದನ್ನೂ. ಕ್ರೇಟುಗಳನ್ನು ಇಳಿಸಿಯಾಗಿದೆ. ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ.

ಇಷ್ಟನ್ನೂ ತನ್ನನ್ನೇ 'ಅವನು' ಎಂದು ಕರೆದು ಎಡಗೈಯಲ್ಲಿ ಬರೆದಿಟ್ಟಿರುವ ಒಗುಟುವಿಗೆ ಅಮೊಂಡಿಯ ಸಾಲ ಎರಡು: ಒಂದು, ಅವಳು ಉಳಿಸಿದ ಜೀವ. ಇನ್ನೊಂದು, ಅವಳ ಮಾತನ್ನು ಹನ್ನೆರಡು ವರ್ಷ ತನ್ನಿಷ್ಟದಂತೆ ತಿದ್ದಿದ್ದಕ್ಕೆ ಕ್ಷಮಾಪಣೆ. ಅದನ್ನು ಅವನಿನ್ನೂ ಕೇಳಿಲ್ಲ.